ಬ್ಯಾಂಕಿನ ಬಾಗಿಲು ಮುಚ್ಚಿದಾಗ ನಾಯಕರು ಹೇಳಿದ್ದೇನು?

(ಸಂಘದ ವಾರ್ಷಿಕ ಮಹಾಸಭೆಯ ಅಂಗವಾಗಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಯವರು ನನಗೆ ಬರೆದ ಪತ್ರದಲ್ಲಿ "ವಾಣಿಜ್ಯ ಓದುವ ಮಕ್ಕಳಿಗೆ ಉಪಯೋಗವಾಗುವ ಯಾವುದಾದರೂ ವಿಷಯ" ಎಂದಷ್ಟೇ ಸೂಚಿಸಿದ್ದರು. ನಾನು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ಲೆಡ್ಜರು, ಸಾಲದ ಅರ್ಜಿ, ಆಡಿಟ್ ಎಂದು ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಹಿಂದಿನ ಸಾಲಿನವರು ಊಟದ ವ್ಯವಸ್ಥೆ ನೋಡಲು ಎದ್ದು ಹೋಗುತ್ತಾರೆ. ಅದಕ್ಕಾಗಿ ಬೇರೆ ವಿಷಯ ಆರಿಸಿದ್ದೇನೆ. ಒಂದು ದೇಶದ ಹಣಕಾಸು ವ್ಯವಸ್ಥೆ ಕುಸಿಯುವ ಹೊತ್ತಿನಲ್ಲಿ ಅಲ್ಲಿನ ನಾಯಕರು ಜನರ ಮುಂದೆ ಬಂದು ಏನು ಹೇಳಿದರು, ಆ ಮಾತಿನಿಂದ ಏನಾಯಿತು ಎಂಬುದು ಇವತ್ತಿನ ವಿಷಯ.

ಮೊದಲು ನನ್ನದೇ ಒಂದು ಸಣ್ಣ ಅನುಭವ ಹೇಳುತ್ತೇನೆ. ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ಕರಾವಳಿಯ ಒಂದು ಚಿಕ್ಕ ಪೇಟೆಯ ಶಾಖೆ. ಒಂದು ಸಂಜೆ "ಈ ಬ್ಯಾಂಕು ಮುಳುಗುತ್ತದಂತೆ" ಎಂಬ ಗಾಳಿಸುದ್ದಿ ಎಲ್ಲಿಂದಲೋ ಎದ್ದಿತು. ಮರುದಿನ ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮೊದಲೇ ಜಗಲಿ ತುಂಬ ಜನ. ಬೀಡಿ ಕಟ್ಟಿ ಕೂಡಿಟ್ಟ ಹೆಂಗಸರು, ಮೀನು ವ್ಯಾಪಾರದವರು, ಮಗ ಗಲ್ಫಿನಿಂದ ಕಳಿಸಿದ ಡ್ರಾಫ್ಟಿನ ಹಣವನ್ನು ಮಗಳ ಮದುವೆಗೆಂದು ಇಟ್ಟಿದ್ದ ಒಬ್ಬ ವೃದ್ಧರು. ನಮ್ಮ ಮ್ಯಾನೇಜರರು ಹೊರಗೆ ಬಂದು ಕೈ ಎತ್ತಿ, "ಯಾರೂ ಹೆದರಬೇಡಿ, ಏನೂ ಆಗಿಲ್ಲ" ಎಂದರು. ಸಾಲು ಇನ್ನೂ ಉದ್ದವಾಯಿತು. "ಏನೂ ಆಗದಿದ್ದರೆ ಇವರು ಹೊರಗೆ ಬಂದು ಹೇಳುವುದು ಯಾಕೆ?" ಎಂದು ಒಬ್ಬ ಹೆಂಗಸು ಪಕ್ಕದವಳನ್ನು ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಉತ್ತರ ಕೊಡಲಾಗದ ಪ್ರಶ್ನೆ ಅದು.

ಸ್ವಲ್ಪ ಹೊತ್ತಿನ ಮೇಲೆ ನಮ್ಮ ಹಿರಿಯ ಕ್ಯಾಶಿಯರ್ ಎದ್ದು ಹೋದರು. ಪೆಟ್ಟಿಗೆಯಲ್ಲಿ ಈಗ ಎಷ್ಟು ಹಣ ಇದೆ ಎಂದು ಲೆಕ್ಕ ಹೇಳಿದರು. ಮಧ್ಯಾಹ್ನ ಎರಡು ಗಂಟೆಗೆ ದೊಡ್ಡ ಶಾಖೆಯಿಂದ ಜೀಪಿನಲ್ಲಿ ಇನ್ನಷ್ಟು ಬರುತ್ತದೆ ಎಂದರು. ಸಂಜೆ ಆರರವರೆಗೆ ಕೌಂಟರ್ ತೆರೆದಿರುತ್ತದೆ, ಕೇಳಿದವರಿಗೆ ಕೊಡುತ್ತೇವೆ, ಬೇಡದವರು ಬಿಸಿಲಿನಲ್ಲಿ ನಿಲ್ಲಬೇಡಿ ಎಂದರು. ಎಲ್ಲರೂ ಹೋದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧದಷ್ಟು ಜನ ಹೋದರು. ಜೀಪು ಎರಡೂವರೆಗೆ ಬಂತು. ಆ ಅರ್ಧ ಗಂಟೆ ನಮ್ಮ ಪಾಲಿಗೆ ಅರ್ಧ ದಿನವಾಗಿತ್ತು.

ವಿದ್ಯಾರ್ಥಿಗಳು ಇಲ್ಲಿ ಒಂದು ಮೂಲ ಸಂಗತಿಯನ್ನು ಗಮನಿಸಬೇಕು. ನೀವು ಇಟ್ಟ ಹಣ ಬ್ಯಾಂಕಿನ ಕಪಾಟಿನಲ್ಲಿ ಕುಳಿತಿರುವುದಿಲ್ಲ. ಅದು ಯಾರದೋ ಅಂಗಡಿಗೆ, ತೋಟಕ್ಕೆ, ಮನೆಗೆ ಸಾಲವಾಗಿ ಹೋಗಿರುತ್ತದೆ. ಸಾಲ ವಾಪಸು ಬರಲು ವರ್ಷಗಳು ಬೇಕು. ಠೇವಣಿದಾರ ಮಾತ್ರ ನಾಳೆ ಬೆಳಿಗ್ಗೆಯೇ ಕೇಳಬಹುದು. ಎಲ್ಲರೂ ಒಟ್ಟಿಗೆ ಕೇಳಲಾರರು ಎಂಬ ನಂಬಿಕೆಯ ಮೇಲೆ ಜಗತ್ತಿನ ಎಲ್ಲ ಬ್ಯಾಂಕುಗಳೂ ನಡೆಯುತ್ತವೆ. ಹಿಂದಿನವರು ಠೇವಣಿಗೆ 'ಅಮಾನತು' ಎಂದೂ ಹೇಳುತ್ತಿದ್ದರು. ನಂಬಿ ಒಪ್ಪಿಸಿದ್ದು ಎಂದು ಅದರ ಅರ್ಥ. ಅದೇ ಶಬ್ದ ಇಂದಿನ ಪತ್ರಿಕೆಗಳಲ್ಲಿ ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಬಳಕೆಯಾಗುತ್ತದೆ. ಬ್ಯಾಂಕಿನ ಬಾಗಿಲು ಮುಚ್ಚಿದ ದಿನ ಈ ಎರಡು ಅರ್ಥಗಳೂ ಒಂದೇ ಆಗುತ್ತವೆ!

ನಾನು ಹೆಚ್ಚು ಹೊತ್ತು ಮಾತನಾಡಲಿರುವುದು ಅಮೆರಿಕದ 1933ರ ಸಂಗತಿಯ ಬಗ್ಗೆ. 1929ರ ಶೇರುಪೇಟೆ ಕುಸಿತದ ನಂತರ ಅಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದ್ದವು. ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ದಡ್ಡರಲ್ಲ, ಸೋಮಾರಿಯೂ ಅಲ್ಲ. ಆದರೆ 1930ರ ಮೇ 1ರಂದು ಅವರು ವರ್ತಕರ ಸಭೆಯೊಂದರಲ್ಲಿ, ಕೆಟ್ಟದ್ದೆಲ್ಲ ದಾಟಿ ಹೋಯಿತು ಎಂದು ನನಗೆ ಖಾತ್ರಿಯಾಗಿದೆ ಎಂಬರ್ಥದ ಮಾತು ಹೇಳಿಬಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ದೊಡ್ಡ ಬ್ಯಾಂಕೊಂದು ಮುಚ್ಚಿತು. ಜನ ಹಣ ತೆಗೆದು ಮನೆಯಲ್ಲಿ ಬಚ್ಚಿಡತೊಡಗಿದಾಗ, 1932ರಲ್ಲಿ ಹೂವರ್ ರೇಡಿಯೋದಲ್ಲಿ ಮಾತನಾಡಿ, ಬಚ್ಚಿಡಬೇಡಿ, ಅದರಿಂದ ದೇಶಕ್ಕೆ ನಷ್ಟ ಎಂದು ಕೇಳಿಕೊಂಡರು. ನಷ್ಟ ದೇಶಕ್ಕೆ ನಿಜ. ಆದರೆ ಪಕ್ಕದೂರಿನ ಬ್ಯಾಂಕು ಮುಳುಗಿದ್ದನ್ನು ಕಣ್ಣಾರೆ ಕಂಡ ರೈತನಿಗೆ ತನ್ನ ಹಣ ಹೇಗೆ ಉಳಿಯುತ್ತದೆ ಎಂಬುದಕ್ಕೆ ಆ ಮಾತಿನಲ್ಲಿ ಉತ್ತರವಿರಲಿಲ್ಲ.

1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರ ಸ್ವೀಕರಿಸಿದರು. ಅಂದು ಬೆಳಗಾಗುವಷ್ಟರಲ್ಲಿ ನ್ಯೂಯಾರ್ಕ್ ಮತ್ತು ಇಲಿನಾಯ್ ರಾಜ್ಯಗಳ ಗವರ್ನರುಗಳೂ ಬ್ಯಾಂಕುಗಳನ್ನು ಮುಚ್ಚಿಸಿದ್ದರು. ಹೆಚ್ಚಿನ ರಾಜ್ಯಗಳಲ್ಲಿ ಈ ಮೊದಲೇ ಬಾಗಿಲು ಬಿದ್ದಿತ್ತು ಅಥವಾ ಇಷ್ಟೇ ಹಣ ತೆಗೆಯಬಹುದೆಂಬ ಮಿತಿ ಬಂದಿತ್ತು. ರೂಸ್‌ವೆಲ್ಟ್ ಮಾರ್ಚ್ 6ರಂದು ಇಡೀ ದೇಶದ ಬ್ಯಾಂಕುಗಳಿಗೆ ರಜೆ ಘೋಷಿಸಿದರು. ಮಾರ್ಚ್ 9ರಂದು ಸಂಸತ್ತು ಸೇರಿ ಒಂದೇ ದಿನದಲ್ಲಿ ತುರ್ತು ಕಾನೂನನ್ನು ಅಂಗೀಕರಿಸಿತು. ಅಂದು ರಾತ್ರಿಯೇ ಸಹಿ ಬಿತ್ತು. ಪ್ರತಿ ಬ್ಯಾಂಕನ್ನೂ ಪರೀಕ್ಷಿಸಿ ಗಟ್ಟಿಯಿರುವುದಕ್ಕೆ ಮಾತ್ರ ಪರವಾನಗಿ ಕೊಡುವುದು, ಬ್ಯಾಂಕುಗಳ ಒಳ್ಳೆಯ ಆಸ್ತಿಯ ಆಧಾರದ ಮೇಲೆ ಕೇಂದ್ರ ಬ್ಯಾಂಕು ಹೊಸ ನೋಟು ಮುದ್ರಿಸಿ ಅವುಗಳಿಗೆ ಒದಗಿಸುವುದು, ಇವು ಆ ಕಾನೂನಿನ ಮುಖ್ಯ ಅಂಶಗಳು. ಇದನ್ನು ರೂಪಿಸುವಲ್ಲಿ ಸೋತುಹೋದ ಹೂವರ್ ಸರಕಾರದ ಅಧಿಕಾರಿಗಳೇ ಉಳಿದುಕೊಂಡು ಕೈಜೋಡಿಸಿದ್ದರು. ಚುನಾವಣೆಯ ಕಹಿ ಇನ್ನೂ ಆರದಿದ್ದರೂ ಒಂದೇ ಮೇಜಿನ ಸುತ್ತ ಕುಳಿತು ರಾತ್ರಿಯೆಲ್ಲ ದುಡಿದ ಆ ಅಧಿಕಾರಿಗಳ ಬಗ್ಗೆ ನನಗೆ ಗೌರವವಿದೆ.

ಇಷ್ಟೆಲ್ಲ ಆದ ಮೇಲೆ, ಮಾರ್ಚ್ 12ರ ಭಾನುವಾರ ರಾತ್ರಿ ಹತ್ತು ಗಂಟೆಗೆ ರೂಸ್‌ವೆಲ್ಟ್ ರೇಡಿಯೋದ ಮುಂದೆ ಕುಳಿತರು. ಈ ಕ್ರಮವನ್ನು ನೆನಪಿಡಿ: ಮೊದಲು ಕೆಲಸ, ಆಮೇಲೆ ಮಾತು. ಬ್ಯಾಂಕುಗಳ ಬಗ್ಗೆ ಕೆಲವು ನಿಮಿಷ ನಿಮ್ಮೊಡನೆ ಮಾತನಾಡಬೇಕು ಎಂದು ಶುರು ಮಾಡಿದರು. ಬ್ಯಾಂಕಿನ ಒಳಹೊರಗು ತಿಳಿದವರು ಕಡಿಮೆ, ಹಣ ಇಡುವುದಕ್ಕೆ, ಚೆಕ್ಕು ಬರೆಯುವುದಕ್ಕೆ ಬಳಸುವವರು ಬಹಳ ಜನ, ಅವರಿಗಾಗಿ ಮಾತನಾಡುತ್ತೇನೆ ಎಂದರು. ನಾನು ಈಗಷ್ಟೇ ಹೇಳಿದ ವಿಷಯವನ್ನೇ ಅವರೂ ಮೊದಲು ವಿವರಿಸಿದರು. ನೀವು ಇಟ್ಟ ಹಣ ಕಪಾಟಿನಲ್ಲಿ ಇರುವುದಿಲ್ಲ, ಸಾಲಪತ್ರಗಳಲ್ಲಿ, ಅಡಮಾನಗಳಲ್ಲಿ ತೊಡಗಿರುತ್ತದೆ, ಎಲ್ಲರೂ ಒಮ್ಮೆಗೇ ಬಂದರೆ ಎಷ್ಟೇ ಗಟ್ಟಿಯಾದ ಬ್ಯಾಂಕೂ ಕೊಡಲಾರದು ಎಂದರು. ದೇಶದ ಅಧ್ಯಕ್ಷರೇ ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ಧೈರ್ಯ ಬೇಕು. ನಮ್ಮ ಮ್ಯಾನೇಜರರಿಗೆ ಆ ಧೈರ್ಯ ಇರಲಿಲ್ಲ. ನನಗೂ ಇರುತ್ತಿರಲಿಲ್ಲ.

ಆಮೇಲೆ ದಿನಗಳ ಪಟ್ಟಿ ಕೊಟ್ಟರು. ನಾಳೆ ಸೋಮವಾರ ಕೇಂದ್ರ ಬ್ಯಾಂಕಿನ ಕಚೇರಿಯಿರುವ 12 ನಗರಗಳಲ್ಲಿ, ಮಂಗಳವಾರ ಕ್ಲಿಯರಿಂಗ್ ಹೌಸ್ ಇರುವ ನಗರಗಳಲ್ಲಿ, ಬುಧವಾರದಿಂದ ಸಣ್ಣ ಊರುಗಳಲ್ಲಿ ಬ್ಯಾಂಕು ತೆರೆಯುತ್ತದೆ ಎಂದರು. ನಿಮ್ಮ ಬ್ಯಾಂಕು ಮೊದಲ ದಿನ ತೆರೆಯದಿದ್ದರೆ ಅದು ತೆರೆಯುವುದೇ ಇಲ್ಲ ಎಂದು ತಿಳಿಯಬೇಡಿ, ಆಮೇಲೆ ತೆರೆದ ಬ್ಯಾಂಕಿಗೂ ಮೊದಲು ತೆರೆದದ್ದಕ್ಕೂ ಸ್ಥಾನಮಾನದಲ್ಲಿ ವ್ಯತ್ಯಾಸವಿಲ್ಲ ಎಂದು ಬಿಡಿಸಿ ಹೇಳಿದರು. ಮುಂದೆ ಹೇಳಿದ ಮಾತು ಎಲ್ಲಕ್ಕಿಂತ ಮುಖ್ಯ. ಪ್ರತಿಯೊಂದು ಬ್ಯಾಂಕೂ ತೆರೆಯುತ್ತದೆಂದು ನಾನು ಭರವಸೆ ಕೊಡುವುದಿಲ್ಲ, ಯಾರಿಗೂ ನಷ್ಟವಾಗದೆಂದೂ ಹೇಳುವುದಿಲ್ಲ ಎಂದರು. ಆದರೆ ಪುನಃ ತೆರೆದ ಬ್ಯಾಂಕಿನಲ್ಲಿ ಹಣ ಇಡುವುದು ಹಾಸಿಗೆಯಡಿ ಇಡುವುದಕ್ಕಿಂತ ಸುರಕ್ಷಿತ ಎಂದರು. ಕೆಲವು ಬ್ಯಾಂಕುಗಳು ಕೆಟ್ಟಿವೆ ಎಂದು ಒಪ್ಪಿಕೊಂಡದ್ದರಿಂದಲೇ ಉಳಿದವು ಚೆನ್ನಾಗಿವೆ ಎಂಬ ಮಾತಿಗೆ ತೂಕ ಬಂತು. ಒಟ್ಟು ಮಾತು ಹದಿನಾಲ್ಕು ನಿಮಿಷಕ್ಕಿಂತ ಹೆಚ್ಚಿರಲಿಲ್ಲ. ಸುಮಾರು 6 ಕೋಟಿ ಜನ ಕೇಳಿದರೆಂದು ಅಂದಾಜು. ಬ್ಯಾಂಕಿನವರಿಗೂ ಅರ್ಥವಾಗುವಂತೆ ಹೇಳಿದರು ಎಂದು ವಿಲ್ ರೋಜರ್ಸ್ ಎಂಬ ವಿನೋದಗಾರ ಆಗ ಚಟಾಕಿ ಹಾರಿಸಿದ್ದರು. ನಾವು ಬ್ಯಾಂಕಿನವರು ಆ ಏಟನ್ನು ತಲೆಬಾಗಿ ಸ್ವೀಕರಿಸಬೇಕು.

ಸೋಮವಾರ ಬೆಳಿಗ್ಗೆ ಬ್ಯಾಂಕುಗಳ ಮುಂದೆ ಮತ್ತೆ ಸಾಲು ನಿಂತಿತು. ಆದರೆ ತೆಗೆಯುವವರಿಗಿಂತ ಇಡಲು ಬಂದವರೇ ಹೆಚ್ಚಾಗಿದ್ದರು. ಎರಡು ವಾರದೊಳಗೆ ಬಚ್ಚಿಟ್ಟಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಂಕುಗಳಿಗೆ ವಾಪಸಾಯಿತು. ಮಾರ್ಚ್ 15ರಂದು ನ್ಯೂಯಾರ್ಕ್ ಶೇರುಪೇಟೆ ತೆರೆದಾಗ ಡೌ ಸೂಚ್ಯಂಕ ಒಂದೇ ದಿನ ಶೇಕಡಾ 15ಕ್ಕಿಂತ ಹೆಚ್ಚು ಏರಿತು. ಅಷ್ಟು ಏರಿಕೆ ಇನ್ನೊಂದು ದಿನ ಕಂಡದ್ದಿಲ್ಲ.

ಇಷ್ಟು ಹೇಳಿ ಕೂತರೆ ರೂಸ್‌ವೆಲ್ಟರ ಸ್ತುತಿಯಾಗುತ್ತದೆ. ಅದೇ ಏಪ್ರಿಲ್ 5ರಂದು ಅವರು ಇನ್ನೊಂದು ಆಜ್ಞೆ ಹೊರಡಿಸಿದರು. ಜನ ತಮ್ಮಲ್ಲಿದ್ದ ಚಿನ್ನದ ನಾಣ್ಯ, ಗಟ್ಟಿಗಳನ್ನು ಸರಕಾರಕ್ಕೆ ಒಪ್ಪಿಸಬೇಕು, ಸಣ್ಣ ಪ್ರಮಾಣಕ್ಕೆ ಮಾತ್ರ ವಿನಾಯಿತಿ. ಔನ್ಸಿಗೆ 20.67 ಡಾಲರ್ ಕೊಟ್ಟರು. 1934ರ ಜನವರಿಯಲ್ಲಿ ಸರಕಾರವೇ ಚಿನ್ನದ ಬೆಲೆಯನ್ನು 35 ಡಾಲರಿಗೆ ಏರಿಸಿತು. ನಂಬಿ ಕೊಟ್ಟವನಿಗೆ ಆ ಲಾಭ ಸಿಗಲಿಲ್ಲ. ಬೇಕಾದ ಕ್ರಮವೇ ಇರಬಹುದು, ಅರ್ಥಶಾಸ್ತ್ರಜ್ಞರು ಸಮರ್ಥಿಸುತ್ತಾರೆ. ಆದರೆ ಮಾರ್ಚ್ 12ರ ಮಾತು ಕೇಳಿ ಚಿನ್ನ ತಂದಿಟ್ಟವರಿಗೆ ಏನನ್ನಿಸಿರಬೇಕು ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ.

ಮಾರ್ಚ್ 12 ಎಂದಾಗ ನಮ್ಮ ಕರಾವಳಿಯ ಒಂದು ನೆನಪು ಬಂತು. 1906ರ ಮಾರ್ಚ್ 12ರಂದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹದ್ದೂರರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಸ್ಥಾಪಿಸಿದರು. ಮೂಲ ಬಂಡವಾಳ 5,000 ರೂಪಾಯಿ. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮೊದಲ ದಿನ ಅಲ್ಲಿ ಹಣ ಇಟ್ಟವರು ಬ್ಯಾಂಕನ್ನು ನಂಬಿದರೋ ಆ ಮನುಷ್ಯನನ್ನು ನಂಬಿದರೋ ಎಂದು ಕೇಳಿದರೆ ಉತ್ತರ ಕಷ್ಟವಿಲ್ಲ. ಬ್ಯಾಂಕು ಎಂದರೇನೆಂದೇ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲ ಅದು. ಇರಲಿ, ವಿಷಯಕ್ಕೆ ಬರುತ್ತೇನೆ.

ಮಾತು ಎಡವಿದ ಉದಾಹರಣೆಗಳೂ ಇವೆ. 1967ರ ನವೆಂಬರ್ 18ರಂದು ಬ್ರಿಟನ್ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಿತು. ಮರುದಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಟಿವಿಯಲ್ಲಿ ಬಂದು, ಇಲ್ಲಿ ಬ್ರಿಟನ್ನಿನೊಳಗೆ ನಿಮ್ಮ ಜೇಬಿನಲ್ಲಿರುವ ಪೌಂಡಿನ ಬೆಲೆಯೇನೂ ಇಳಿದಿಲ್ಲ ಎಂಬಂತೆ ಹೇಳಿದರು. ತಾಂತ್ರಿಕವಾಗಿ ಅದು ಸುಳ್ಳಲ್ಲ. ಹೊರದೇಶದಿಂದ ತರುವ ಸಾಮಾನಿಗೆ ಬೆಲೆ ಏರುತ್ತದೆ ಎಂದೂ ಅದೇ ಭಾಷಣದಲ್ಲಿ ಹೇಳಿದ್ದರು. ಆದರೆ ಜನರಿಗೆ ನೆನಪು ಉಳಿದದ್ದು ಜೇಬಿನ ಪೌಂಡು ಮಾತ್ರ. ಅಂಗಡಿಯಲ್ಲಿ ಬೆಲೆ ಏರಿದಾಗಲೆಲ್ಲ ಆ ಮಾತನ್ನು ಅವರ ಮುಖಕ್ಕೆ ಹಿಡಿದರು, ಜೀವನಪೂರ್ತಿ ಹಿಡಿದರು.

ವಿಲ್ಸನ್ ಎಡವಿದ್ದು ಒಂದು ವಾಕ್ಯದಲ್ಲಿ. ಅರ್ಜೆಂಟೀನದಲ್ಲಿ ನಡೆದದ್ದು ಅದಕ್ಕಿಂತ ಘೋರ. 1991ರಿಂದ ಅಲ್ಲಿ ಒಂದು ಪೆಸೊಗೆ ಒಂದು ಡಾಲರ್ ಎಂದು ಕಾನೂನಿನಲ್ಲೇ ಕಟ್ಟಿಹಾಕಿದ್ದರು. ಜನ ಡಾಲರಿನಲ್ಲೇ ಠೇವಣಿ ಇಡುತ್ತಿದ್ದರು. ಸಾಲ ಮಿತಿಮೀರಿ ಜನ ಹಣ ತೆಗೆಯತೊಡಗಿದಾಗ 2001ರ ಡಿಸೆಂಬರಿನಲ್ಲಿ ಸರಕಾರ ವಾರಕ್ಕೆ 250ಕ್ಕಿಂತ ಹೆಚ್ಚು ನಗದು ತೆಗೆಯಬಾರದೆಂದು ಕಟ್ಟು ಹಾಕಿತು. ಲೂಟಿ, ಗಲಭೆ ಶುರುವಾಯಿತು. ಡಿಸೆಂಬರ್ 19ರ ರಾತ್ರಿ ಅಧ್ಯಕ್ಷ ಫರ್ನಾಂಡೊ ಡೆ ಲಾ ರುವಾ ಟಿವಿಗೆ ಬಂದು ತುರ್ತು ಸ್ಥಿತಿ ಘೋಷಿಸಿದರು. ನಿಮ್ಮ ಹಣ ಯಾವಾಗ ಸಿಗುತ್ತದೆ ಎಂಬುದಕ್ಕೆ ಉತ್ತರವಿಲ್ಲ, ಬೀದಿಗಿಳಿಯಬೇಡಿ ಎಂಬ ಎಚ್ಚರಿಕೆ ಮಾತ್ರ. ಭಾಷಣ ಮುಗಿಯುತ್ತಿದ್ದಂತೆ ಬ್ಯೂನಸ್ ಐರಿಸ್ ನಗರದ ಜನ ಅಡುಗೆಮನೆಯ ಪಾತ್ರೆಗಳನ್ನು ಬಡಿಯುತ್ತ ಬೀದಿಗೆ ಬಂದರು. ಮರುದಿನ ಅಧ್ಯಕ್ಷರು ರಾಜೀನಾಮೆ ಕೊಟ್ಟು ಹೆಲಿಕಾಪ್ಟರಿನಲ್ಲಿ ಹೊರಟುಹೋದರು. ಆ ಎರಡು ದಿನಗಳಲ್ಲಿ ಹಲವಾರು ಜೀವಗಳು ಹೋದವು.

ಅದಾಗಿ ಹತ್ತೇ ಹನ್ನೆರಡು ದಿನಗಳಲ್ಲಿ ಅಧಿಕಾರಕ್ಕೆ ಬಂದ ಎಡುವಾರ್ಡೊ ಡುಹಾಲ್ಡೆ, ಡಾಲರ್ ಇಟ್ಟವರಿಗೆ ಡಾಲರ್ ಸಿಗುತ್ತದೆ, ಪೆಸೊ ಇಟ್ಟವರಿಗೆ ಪೆಸೊ ಸಿಗುತ್ತದೆ ಎಂದು ಸಂಸತ್ತಿನಲ್ಲಿ ಮಾತು ಕೊಟ್ಟರು. ಕೇಳಲು ಎಷ್ಟು ಚೆನ್ನಾಗಿದೆ! ಕೆಲವೇ ವಾರಗಳಲ್ಲಿ ಡಾಲರ್ ಠೇವಣಿಗಳನ್ನು ಒಂದಕ್ಕೆ 1.40 ಪೆಸೊನಂತೆ ಪೆಸೊ ಖಾತೆಗೆ ಬದಲಾಯಿಸಿದರು. ಆ ವರ್ಷದ ಮಧ್ಯದ ಹೊತ್ತಿಗೆ ಪೇಟೆಯಲ್ಲಿ ಡಾಲರಿನ ಬೆಲೆ 3 ಪೆಸೊ ದಾಟಿತ್ತು. ನಿವೃತ್ತಿಯ ಹಣ ಇಟ್ಟಿದ್ದವರು ಬ್ಯಾಂಕುಗಳ ತಗಡಿನ ಬಾಗಿಲುಗಳನ್ನು ಸುತ್ತಿಗೆಯಿಂದ ಬಡಿಯುವ ಚಿತ್ರಗಳನ್ನು ಆಗ ನಾವು ಪತ್ರಿಕೆಗಳಲ್ಲಿ ನೋಡಿದ್ದೇವೆ. ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ದುಃಖದ ಚಿತ್ರಗಳು ಅವು. ಗೌರವಸ್ಥ ಮುದುಕರು, ಕೋಟು ಟೈ ಹಾಕಿದವರು, ಕೈಯಲ್ಲಿ ಸುತ್ತಿಗೆ.

2008ರಲ್ಲಿ ಸಂಕಟ ಯುರೋಪಿಗೆ ಬಂದಾಗ ಒಂದು ದಿನದ ಅಂತರದಲ್ಲಿ ಇಬ್ಬರು ಮಾತನಾಡಿದರು. ಅಕ್ಟೋಬರ್ 5ರ ಭಾನುವಾರ ಜರ್ಮನಿಯ ಚಾನ್ಸೆಲರ್ ಆಂಗೆಲಾ ಮರ್ಕೆಲ್ ತಮ್ಮ ಹಣಕಾಸು ಸಚಿವರ ಜೊತೆ ಕ್ಯಾಮರಾ ಮುಂದೆ ನಿಂತು, ನಿಮ್ಮ ಉಳಿತಾಯದ ಹಣ ಸುರಕ್ಷಿತ, ಅದಕ್ಕೆ ಸರಕಾರವೇ ಹೊಣೆ ಎಂದರು. ಅಷ್ಟೇ. ಹಿಂದೆ ಕಾನೂನಿನ ಬಲವೂ ಇರಲಿಲ್ಲ. ಆದರೂ ಸೋಮವಾರ ಸಾಲು ನಿಲ್ಲಲಿಲ್ಲ, ಏಕೆಂದರೆ ಜರ್ಮನಿ ಕೊಡಬಲ್ಲದು ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಟೋಬರ್ 6ರಂದು ಐಸ್‌ಲ್ಯಾಂಡಿನ ಪ್ರಧಾನಿ ಗೇರ್ ಹಾರ್ಡೆ ಟಿವಿಯಲ್ಲಿ ಬಂದರು. ಅವರಿಗೆ ಹಾಗೆ ಹೇಳಲು ಸಾಧ್ಯವೇ ಇರಲಿಲ್ಲ. ಆಗ ಮೂರು ಲಕ್ಷದಷ್ಟು ಜನರಿದ್ದ ಆ ದೇಶದಲ್ಲಿ ಮೂರು ಬ್ಯಾಂಕುಗಳು ದೇಶದ ವಾರ್ಷಿಕ ಉತ್ಪನ್ನದ ಹಲವು ಪಟ್ಟು ದೊಡ್ಡದಾಗಿ ಬೆಳೆದಿದ್ದವು. ಬ್ಯಾಂಕುಗಳ ಜೊತೆ ದೇಶವೂ ಸುಳಿಗೆ ಸಿಕ್ಕಿ ದಿವಾಳಿಯಾಗುವ ಅಪಾಯವಿದೆ ಎಂದು ಅವರು ನೇರವಾಗಿ ಹೇಳಿದರು. ಕೊನೆಗೆ, ದೇವರು ಐಸ್‌ಲ್ಯಾಂಡನ್ನು ಹರಸಲಿ ಎಂದರು. ಅಲ್ಲಿನ ನಾಯಕರು ಸಾಮಾನ್ಯವಾಗಿ ಹಾಗೆ ಹೇಳುವವರಲ್ಲ, ಆದ್ದರಿಂದ ಆ ಕೊನೆಯ ಮಾತು ಕೇಳಿದಾಗಲೇ ಜನರಿಗೆ ವಿಷಯ ಎಷ್ಟು ಗಂಭೀರ ಎಂದು ತಿಳಿಯಿತು. ಅಂದು ರಾತ್ರಿಯೇ ತುರ್ತು ಕಾನೂನು ಬಂತು, ಅದೇ ವಾರ ಮೂರೂ ಬ್ಯಾಂಕುಗಳು ಬಿದ್ದವು. ದೇಶದೊಳಗಿನ ಠೇವಣಿದಾರರ ಹಣ ಉಳಿಯಿತು. ಹಾರ್ಡೆ 2009ರ ಜನವರಿಯಲ್ಲಿ ರಾಜೀನಾಮೆ ಪ್ರಕಟಿಸಿದರು. 2012ರಲ್ಲಿ ವಿಶೇಷ ನ್ಯಾಯಾಲಯ ಒಂದೇ ಒಂದು ಆರೋಪದಲ್ಲಿ ಅವರನ್ನು ತಪ್ಪಿತಸ್ಥರೆಂದಿತು, ಶಿಕ್ಷೆ ವಿಧಿಸಲಿಲ್ಲ. ಆ ತಪ್ಪೇನೆಂದರೆ, ಸಂಕಟ ಬರುತ್ತಿದ್ದಾಗ ಸಚಿವ ಸಂಪುಟದ ಸಭೆಗಳಲ್ಲಿ ವಿಷಯವನ್ನು ಚರ್ಚೆಗೆ ತರಲಿಲ್ಲ ಎಂಬುದು. ಜನರಿಗೆ ಅವರು ಸತ್ಯ ಹೇಳಿದ್ದು ನಿಜ. ತಮ್ಮ ಸಂಪುಟಕ್ಕೆ ಮೊದಲೇ ಹೇಳಬೇಕಿತ್ತು.

ಸತ್ಯ ಹೇಳಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದನ್ನು ಶ್ರೀಲಂಕಾದಲ್ಲಿ ಕಂಡೆವು. 2022ರ ಏಪ್ರಿಲಿನಲ್ಲಿ ಆ ದೇಶ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಮೇ 12ರಂದು ಪ್ರಧಾನಿಯಾದ ರನಿಲ್ ವಿಕ್ರಮಸಿಂಘೆ ಮೇ 16ರಂದು ಟಿವಿಯಲ್ಲಿ, ನಮ್ಮಲ್ಲಿ ಒಂದು ದಿನಕ್ಕಾಗುವಷ್ಟೇ ಪೆಟ್ರೋಲ್ ಇದೆ ಎಂದರು. ಸಂಬಳ ಕೊಡಲು ನೋಟು ಮುದ್ರಿಸಬೇಕಾಗಿದೆ, ಮುಂದಿನ ಒಂದೆರಡು ತಿಂಗಳು ನಮ್ಮ ಬದುಕಿನಲ್ಲೇ ಅತ್ಯಂತ ಕಷ್ಟದ್ದಾಗಿರುತ್ತದೆ ಎಂದರು. ಭಾರತದ ಸಾಲದ ನೆರವಿನಿಂದ ಬರುವ ಹಡಗುಗಳ ವಿವರವನ್ನೂ ಕೊಟ್ಟರು. ನಮ್ಮ ಕ್ಯಾಶಿಯರ್ ಹೇಳಿದ ಹಾಗೆಯೇ: ಪೆಟ್ಟಿಗೆಯಲ್ಲಿ ಎಷ್ಟಿದೆ, ಜೀಪು ಯಾವಾಗ ಬರುತ್ತದೆ. ಆದರೂ ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ರನಿಲರ ಖಾಸಗಿ ಮನೆಗೆ ಬೆಂಕಿ ಬಿತ್ತು. ಅವರ ಪಕ್ಷಕ್ಕೆ ಆಗ ಸಂಸತ್ತಿನಲ್ಲಿ ಇದ್ದದ್ದು ಒಂದೇ ಸ್ಥಾನ. ಯಾರ ಪರವಾಗಿ ಇವರು ಮಾತನಾಡುತ್ತಿದ್ದಾರೆ ಎಂಬ ಪ್ರಶ್ನೆ ಜನರಲ್ಲಿತ್ತು. ನಮ್ಮ ಕ್ಯಾಶಿಯರ್ ಇಪ್ಪತ್ತು ವರ್ಷ ಅದೇ ಪೇಟೆಯಲ್ಲಿ ಹಣ ಎಣಿಸಿ ಕೊಟ್ಟವರು, ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದವರು. ಮಾತಿಗೆ ಬೆಲೆ ಬಂದದ್ದು ಅಲ್ಲಿಂದ.

ನಮ್ಮ ದೇಶದ 1991ರ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಜೂನ್ 21ರಂದು ಪ್ರಮಾಣವಚನ ಸ್ವೀಕರಿಸಿದ ಪಿ. ವಿ. ನರಸಿಂಹರಾಯರು ಮರುದಿನವೇ ದೂರದರ್ಶನದಲ್ಲಿ, ಆರ್ಥಿಕ ಸ್ಥಿತಿ ಬಿಕ್ಕಟ್ಟಿನಲ್ಲಿದೆ, ಆದಾಯ ಮೀರಿ ಬದುಕುವುದು ಇನ್ನು ಸಾಧ್ಯವಿಲ್ಲ, ಸುಲಭದ ದಾರಿ ಉಳಿದಿಲ್ಲ ಎಂದರು. ಜುಲೈ 24ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವ ಮನಮೋಹನ್ ಸಿಂಗ್, ನಮ್ಮಲ್ಲಿರುವ ಸುಮಾರು 2,500 ಕೋಟಿ ರೂಪಾಯಿಯ ವಿದೇಶಿ ವಿನಿಮಯ ಹದಿನೈದು ದಿನದ ಆಮದಿಗೆ ಮಾತ್ರ ಸಾಕು ಎಂದು ಸಂಸತ್ತಿನಲ್ಲಿ ಲೆಕ್ಕ ಕೊಟ್ಟರು. ಇಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಈ ಎರಡು ಭಾಷಣಗಳ ನಡುವೆ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಗುಟ್ಟಾಗಿ ಹೊರದೇಶಕ್ಕೆ ಸಾಗಿಸಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಸಾಲ ತಂದರು. ಜನರಿಗೆ ಅದು ತಿಳಿದದ್ದು ಪತ್ರಿಕಾ ವರದಿಯಿಂದ. ಮನೆಯ ಚಿನ್ನ ಅಡವಿಡುವ ನೋವು ಏನೆಂದು ನಮ್ಮ ತಾಯಂದಿರಿಗೆ ಗೊತ್ತು. ಅವರಿಗೆ ಮೊದಲೇ ಹೇಳಿದ್ದರೆ ಅರ್ಥವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಮೊದಲೇ ಹೇಳಿದ್ದರೆ ಸಾಲ ಕೊಡುವವರೂ ಓಡಿಹೋಗುತ್ತಿದ್ದರು ಎಂದು ನನ್ನ ಹಳೆಯ ಸಹೋದ್ಯೋಗಿಗಳು ವಾದಿಸುತ್ತಾರೆ. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಕೊನೆಯದಾಗಿ ಒಂದು ಮಾಹಿತಿ, ಪರೀಕ್ಷೆಗೂ ಉಪಯೋಗವಾದೀತು. 1960ರ ಆಗಸ್ಟ್‌ನಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಸಾವಿರಾರು ಸಣ್ಣ ಠೇವಣಿದಾರರು ಕಂಗಾಲಾದರು. ಅದರ ಪರಿಣಾಮವಾಗಿ 1962ರ ಜನವರಿ 1ರಿಂದ ನಮ್ಮಲ್ಲಿ ಠೇವಣಿ ವಿಮೆ ಜಾರಿಗೆ ಬಂತು. ಆಗ ಮಿತಿ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷವಾಯಿತು, 2020ರ ಫೆಬ್ರವರಿಯಲ್ಲಿ 5 ಲಕ್ಷ. ಅಮೆರಿಕದಲ್ಲಿ ಇಂಥ ವಿಮೆಯ ಕಾನೂನು 1933ರ ಜೂನಿನಲ್ಲೇ ಬಂದಿತ್ತು. ತಮಾಷೆಯೆಂದರೆ ರೂಸ್‌ವೆಲ್ಟರಿಗೆ ಅದು ಮೊದಲು ಇಷ್ಟವಿರಲಿಲ್ಲ, ಸಂಸತ್ತಿನ ಒತ್ತಾಯಕ್ಕೆ ಒಪ್ಪಿದರು. ನಿಮ್ಮ ಮನೆಯ ಠೇವಣಿ ಇರುವ ಸಂಸ್ಥೆ ಈ ವಿಮೆಯ ವ್ಯಾಪ್ತಿಯಲ್ಲಿ ಬರುತ್ತದೆಯೇ ಎಂದು ಇವತ್ತು ಮನೆಗೆ ಹೋಗಿ ಕೇಳಿ. ಸಹಕಾರಿ ಬ್ಯಾಂಕುಗಳು ಬರುತ್ತವೆ. ಹೆಸರಿನಲ್ಲಿ 'ಸೊಸೈಟಿ' ಎಂದಿರುವ ಸಾಲ ಸಹಕಾರಿ ಸಂಘಗಳು ಬರುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕಣ್ಣೀರು ಹಾಕಿದವರನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ.

ರೂಸ್‌ವೆಲ್ಟರ ಆ ಭಾಷಣದ ಧ್ವನಿಮುದ್ರಣ ಈಗಲೂ ಕೇಳಲು ಸಿಗುತ್ತದೆ. ಇಂಗ್ಲಿಷ್ ಕಠಿಣವಾಗಿಲ್ಲ, ಪಿಯುಸಿ ಮಕ್ಕಳಿಗೆ ಅರ್ಥವಾಗುತ್ತದೆ. ಅವರು ಹದಿನಾಲ್ಕು ನಿಮಿಷದೊಳಗೆ ಮುಗಿಸಿದ್ದಕ್ಕೆ ನಾನು ಅದರ ಎರಡು ಪಟ್ಟು ತೆಗೆದುಕೊಂಡಿದ್ದೇನೆ. ಊಟಕ್ಕೆ ಮೊದಲು ಪ್ರಶ್ನೆಗಳಿದ್ದರೆ ಕೇಳಬಹುದು.